ನಿಂತ ಯಂತ್ರಕ್ಕೂ ಒಂದು ಖಾತೆ ಇರಲಿ

ಸಣ್ಣ ಕೈಗಾರಿಕೆಗಳ ಲೆಕ್ಕಪುಸ್ತಕಗಳಲ್ಲಿ ಪ್ರತಿಯೊಂದು ವೆಚ್ಚಕ್ಕೂ ಒಂದು ಖಾತೆ ಇರುತ್ತದೆ. ಕೂಲಿ, ವಿದ್ಯುತ್, ಬಾಡಿಗೆ, ಬಡ್ಡಿ, ಸವಕಳಿ, ದುರಸ್ತಿ, ಕೊನೆಗೆ ಕಾರ್ಮಿಕರಿಗೆ ತರಿಸುವ ಚಹಾಕ್ಕೂ ಒಂದು ಖಾತೆ ಉಂಟು. ಆದರೆ ಕೈತುಂಬ ಕೆಲಸವಿದ್ದೂ ಯಂತ್ರವು ನಿಂತಿದ್ದ ಗಂಟೆಗಳಿಗೆ ಮಾತ್ರ ಯಾವ ಖಾತೆಯೂ ಇಲ್ಲ. ಕೆಟ್ಟುಹೋದ ಬೇರಿಂಗ್ ಬದಲಿಸಲು ತೆತ್ತ ಮೂರು ಸಾವಿರ ರೂಪಾಯಿ ದುರಸ್ತಿ ಖಾತೆಯಲ್ಲಿ ಕಾಣಿಸುತ್ತದೆ. ಆ ಬೇರಿಂಗ್ ಬರುವವರೆಗೆ ಎರಡು ದಿನ ಯಂತ್ರ ಸುಮ್ಮನೆ ನಿಂತಿದ್ದುದರ ನಷ್ಟ ಎಲ್ಲಿಯೂ ಕಾಣಿಸುವುದಿಲ್ಲ. ಅದು ಕೂಲಿ, ಬಡ್ಡಿ, ಸವಕಳಿಗಳ ಒಳಗೆ ಚದುರಿ ಕರಗಿಹೋಗುತ್ತದೆ. ವರ್ಷಾಂತ್ಯದ ಲಾಭ-ನಷ್ಟ ಖಾತೆಯು ಲಾಭ ಇಳಿದಿದೆ ಎಂದು ಹೇಳುತ್ತದೆಯೇ ಹೊರತು, ಏಕೆ ಇಳಿಯಿತು ಎಂದು ಹೇಳುವುದಿಲ್ಲ.

ಈ ಕತ್ತಲೆಯ ಪರಿಣಾಮ ಗಂಭೀರವಾದುದು. ಗ್ರಾಹಕರಿಗೆ ಒಪ್ಪಿದ ದಿನಕ್ಕೆ ಮಾಲು ಕೊಡಲಾಗದಾಗ, ಸಾಮರ್ಥ್ಯ ಸಾಲದೆಂದು ಬಗೆದ ಉದ್ಯಮಿಯು ಹೊಸ ಯಂತ್ರಕ್ಕಾಗಿ ಬ್ಯಾಂಕಿನ ಕದ ತಟ್ಟುತ್ತಾನೆ. ಹೊಸ ಯಂತ್ರ ಬರುತ್ತದೆ, ಅದರ ಕಂತೂ ಬರುತ್ತದೆ. ಹಳೆಯ ಯಂತ್ರವನ್ನು ನಿಲ್ಲಿಸುತ್ತಿದ್ದ ಕಾರಣಗಳು ಹೊಸದನ್ನೂ ನಿಲ್ಲಿಸತೊಡಗುತ್ತವೆ. ತೂತಾದ ಕೊಡಕ್ಕೆ ತೇಪೆ ಹಾಕದೆ ಎರಡನೆಯ ಕೊಡ ಕೊಂಡಂತೆ ಇದು.

ಇತ್ತೀಚಿನ ವರ್ಷಗಳಲ್ಲಿ ಯಂತ್ರಗಳ ಸ್ಥಗಿತವನ್ನು ದಾಖಲಿಸಿ, ದುರಸ್ತಿಯನ್ನು ಹಿಂಬಾಲಿಸುವ ಕಾರ್ಯಸ್ಥಳ ನಿರ್ವಹಣಾ ತಂತ್ರಾಂಶಗಳು ಸಣ್ಣ ಘಟಕಗಳಿಗೂ ಮಾಸಿಕ ಬಾಡಿಗೆಯ ಆಧಾರದ ಮೇಲೆ ದೊರೆಯುತ್ತಿವೆ. ಇವು ಉಪಯುಕ್ತವೇ ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ಅವುಗಳಿಂದ ಯಾವ ಕೆಲಸ ಆಗಬೇಕೆಂಬುದನ್ನು ನಿರ್ಧರಿಸದೆ ಕೊಂಡರೆ, ಬಾಡಿಗೆಯ ಖಾತೆಯೊಂದು ಹೆಚ್ಚುತ್ತದೆಯೇ ವಿನಾ ಸ್ಥಗಿತ ಕಡಿಮೆಯಾಗುವುದಿಲ್ಲ.

ಒಂದು ಗಂಟೆಯ ಬೆಲೆ

ಮೊದಲು ತಿಳಿಯಬೇಕಾದುದು ನಿಂತ ಗಂಟೆಯ ಬೆಲೆ. ರೂ. 24 ಲಕ್ಷದ ಒಂದು ಸಿ.ಎನ್.ಸಿ. ಲೇತ್ ಯಂತ್ರವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ದಿನಕ್ಕೆ ಎಂಟು ಗಂಟೆಯ ಎರಡು ಶಿಫ್ಟ್, ತಿಂಗಳಿಗೆ 26 ದಿನ, ಅಂದರೆ ತಿಂಗಳಿಗೆ 416 ಗಂಟೆ. ಹತ್ತು ವರ್ಷಗಳ ಬಾಳಿಕೆ ಎಂದರೆ ಸವಕಳಿ ತಿಂಗಳಿಗೆ ರೂ. 20,000. ಶೇ. 10ರ ದರದಲ್ಲಿ ಬಡ್ಡಿ ರೂ. 20,000. ಇಬ್ಬರು ಆಪರೇಟರ್‌ಗಳ ವೇತನ ರೂ. 40,000. ಬಾಡಿಗೆ, ಮೇಲ್ವಿಚಾರಣೆ ಹಾಗೂ ಮಂಜೂರಾದ ವಿದ್ಯುತ್ ಹೊರೆಗೆ ತೆರುವ ನಿಗದಿತ ಶುಲ್ಕದಲ್ಲಿ ಈ ಯಂತ್ರದ ಪಾಲು ರೂ. 24,000. ಒಟ್ಟು ರೂ. 1,04,000. ಯಂತ್ರ ಓಡಲಿ ಬಿಡಲಿ, ಗಂಟೆಗೆ ರೂ. 250 ವೆಚ್ಚ ನಿಶ್ಚಿತ.

ಬಹಳಷ್ಟು ಉದ್ಯಮಿಗಳು ಇಲ್ಲಿಯೇ ಲೆಕ್ಕ ನಿಲ್ಲಿಸುತ್ತಾರೆ. ತಿಂಗಳಿಗೆ 60 ಗಂಟೆ ಯಂತ್ರ ನಿಂತರೆ ನಷ್ಟ ರೂ. 15,000 ಎಂದು ಸಮಾಧಾನಪಡುತ್ತಾರೆ. ಈ ಲೆಕ್ಕ ಅಪೂರ್ಣ. ಆ ಯಂತ್ರದಲ್ಲಿ ಗಂಟೆಗೆ 12 ಬಿಡಿಭಾಗಗಳು ತಯಾರಾಗುತ್ತವೆ, ಗ್ರಾಹಕರದೇ ಕಚ್ಚಾಮಾಲು, ಜಾಬ್‌ವರ್ಕ್ ದರ ಒಂದಕ್ಕೆ ರೂ. 60, ಅದರಲ್ಲಿ ಟೂಲ್, ವಿದ್ಯುತ್, ಎಣ್ಣೆ ಮುಂತಾದ ಬದಲಾಗುವ ವೆಚ್ಚ ರೂ. 15 ಎಂದು ಇಟ್ಟುಕೊಂಡರೆ, ಪ್ರತಿ ಗಂಟೆ ಕೈತಪ್ಪುವ ಉಳಿಕೆ ರೂ. 540. ಬೇಡಿಕೆ ಕಾದು ನಿಂತಿರುವಾಗ 60 ಗಂಟೆಯ ನಿಜವಾದ ನಷ್ಟ ರೂ. 32,400. ವರ್ಷಕ್ಕೆ ರೂ. 3,88,800.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ರೂ. 250 ಮತ್ತು ರೂ. 540ನ್ನು ಕೂಡಿಸಕೂಡದು, ಏಕೆಂದರೆ ಸ್ಥಿರ ವೆಚ್ಚವನ್ನು ಭರಿಸಬೇಕಾದುದೂ ಆ 540 ರೂಪಾಯಿಯೇ. ಎರಡನೆಯದಾಗಿ, ಬೇಡಿಕೆ ಇಲ್ಲದ ತಿಂಗಳಲ್ಲಿ ಯಂತ್ರ ನಿಂತರೆ ಉಳಿಕೆ ಏನೂ ಕೈತಪ್ಪುವುದಿಲ್ಲ. ಸ್ಥಿರ ವೆಚ್ಚ ಹೇಗಿದ್ದರೂ ಆಗುತ್ತಿತ್ತು. ಹಾಗೆಯೇ ಹತ್ತು ಯಂತ್ರಗಳಿರುವ ಘಟಕದಲ್ಲಿ ಎಲ್ಲ ಕೆಲಸವೂ ಒಂದು ಗ್ರೈಂಡಿಂಗ್ ಯಂತ್ರದ ಮುಂದೆ ಸರದಿಗಾಗಿ ಕಾಯುತ್ತಿದ್ದರೆ, ಆ ಗ್ರೈಂಡಿಂಗ್ ಯಂತ್ರದ ಒಂದು ಗಂಟೆಯ ಸ್ಥಗಿತವು ಇಡೀ ಘಟಕದ ಒಂದು ಗಂಟೆಯ ಸ್ಥಗಿತಕ್ಕೆ ಸಮ. ಉಳಿದ ಯಂತ್ರಗಳ ಗಂಟೆಗೆ ಅಷ್ಟು ಬೆಲೆ ಇಲ್ಲ. ಎಲ್ಲ ಗಂಟೆಗಳೂ ಒಂದೇ ಬೆಲೆಯವಲ್ಲ ಎಂಬುದನ್ನು ತಿಳಿದವನಿಗೆ ಎಲ್ಲಿಂದ ಆರಂಭಿಸಬೇಕೆಂಬುದೂ ತಿಳಿಯುತ್ತದೆ.

ಇದರ ಮೇಲೆ ರೂಪಾಯಿಗಳಲ್ಲಿ ಅಳೆಯಲಾಗದ ಮತ್ತೊಂದು ನಷ್ಟವಿದೆ. ತಡವಾದ ಪೂರೈಕೆಯಿಂದ ಗ್ರಾಹಕನ ಉತ್ಪಾದನಾ ಸಾಲು ನಿಂತರೆ, ಮುಂದಿನ ಆರ್ಡರ್ ಮತ್ತೊಬ್ಬರ ಪಾಲಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ವ್ಯಾಪಾರಕ್ಕೆ ಒಪ್ಪುವಷ್ಟು ಮತ್ತೆಲ್ಲಿಯೂ ಒಪ್ಪುವುದಿಲ್ಲ.

ನಾಲ್ಕು ಸಮಯಗಳ ದಾಖಲೆ

ಅನೇಕ ಘಟಕಗಳಲ್ಲಿ ಬ್ರೇಕ್‌ಡೌನ್ ರಿಜಿಸ್ಟರ್ ಇದ್ದೇ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವ ನಮೂದು, ‘ಬೆಳಿಗ್ಗೆ ಯಂತ್ರ ಕೆಟ್ಟಿತ್ತು, ಸರಿಪಡಿಸಲಾಗಿದೆ’ ಎಂಬಷ್ಟೇ. ಇದರಿಂದ ಯಾರಿಗೂ ಯಾವ ಪ್ರಯೋಜನವೂ ಇಲ್ಲ. ಒಂದು ಸ್ಥಗಿತಕ್ಕೆ ಸಂಬಂಧಿಸಿ ಯಂತ್ರ ನಿಂತದ್ದು ಯಾವಾಗ ಎಂಬುದರ ಜೊತೆಗೆ ಕನಿಷ್ಠ ನಾಲ್ಕು ಸಮಯಗಳನ್ನು ಬರೆದಿಡಬೇಕು: ಫಿಟ್ಟರ್‌ಗೆ ತಿಳಿಸಿದ್ದು, ಆತ ಬಂದು ಕೈಹಾಕಿದ್ದು, ದುರಸ್ತಿ ಮುಗಿದದ್ದು, ಮೊದಲ ಸರಿಯಾದ ಮಾಲು ಹೊರಬಂದದ್ದು.

ಯಂತ್ರವೊಂದು 10.10ಕ್ಕೆ ನಿಂತಿತು, 10.25ಕ್ಕೆ ಫಿಟ್ಟರ್‌ಗೆ ಸುದ್ದಿ ಹೋಯಿತು, 11.40ಕ್ಕೆ ಆತ ಬಂದ, 12 ಗಂಟೆಗೆ ದುರಸ್ತಿ ಮುಗಿಯಿತು, 12.20ಕ್ಕೆ ಮೊದಲ ಮಾಲು ತಪಾಸಣೆಯಲ್ಲಿ ಪಾಸಾಯಿತು ಎಂದುಕೊಳ್ಳೋಣ. ಒಟ್ಟು ಸ್ಥಗಿತ 130 ನಿಮಿಷ. ಇದರಲ್ಲಿ ದುರಸ್ತಿಗೆ ಹಿಡಿದದ್ದು 20 ನಿಮಿಷ ಮಾತ್ರ. ಸುದ್ದಿ ಮುಟ್ಟಲು 15 ನಿಮಿಷ, ಫಿಟ್ಟರ್ ಬರಲು 75 ನಿಮಿಷ, ಮರುಹೊಂದಾಣಿಕೆ ಮತ್ತು ತಪಾಸಣೆಗೆ 20 ನಿಮಿಷ. ಈ ವಿಂಗಡಣೆ ಇಲ್ಲದಿದ್ದರೆ ಮಾಲೀಕನು ಯಂತ್ರವನ್ನು ದೂರುತ್ತಾನೆ, ಯಂತ್ರ ಮಾರಿದವರನ್ನು ದೂರುತ್ತಾನೆ. ವಿಂಗಡಣೆ ಇದ್ದರೆ, ಒಬ್ಬನೇ ಫಿಟ್ಟರ್ ಎರಡು ಶೆಡ್‌ಗಳ ನಡುವೆ ಓಡಾಡುತ್ತಿರುವುದೇ ರೋಗವೆಂದು ತಿಳಿಯುತ್ತದೆ. ಆಪರೇಟರ್‌ಗೇ ಸಣ್ಣ ರಿಪೇರಿಯ ತರಬೇತಿ ಕೊಡುವುದು ಹೊಸ ಯಂತ್ರಕ್ಕಿಂತ ಬಹಳ ಅಗ್ಗ.

ಸಮಯದ ಜೊತೆಗೆ ಕಾರಣವೂ ಬೇಕು. ಯಂತ್ರ ಕೆಟ್ಟದ್ದು, ಸೆಟ್ಟಿಂಗ್ ಬದಲಾವಣೆ, ಮಾಲು ಬಾರದಿರುವುದು, ಟೂಲ್ ಅಥವಾ ಗೇಜ್ ಇಲ್ಲದಿರುವುದು, ಆಪರೇಟರ್ ಗೈರುಹಾಜರಿ, ಕರೆಂಟ್ ಹೋದದ್ದು, ತಪಾಸಣೆಗೆ ಕಾದದ್ದು — ಹೀಗೆ ಏಳೆಂಟು ಶೀರ್ಷಿಕೆಗಳು ಸಾಕು. ನಲವತ್ತು ಶೀರ್ಷಿಕೆಗಳನ್ನು ಕೊಟ್ಟರೆ ಆಪರೇಟರ್ ಮೊದಲನೆಯದನ್ನೇ ಒತ್ತುತ್ತಾನೆ. ‘ಇತರೆ’ ಎಂಬ ಶೀರ್ಷಿಕೆ ಶೇ. 10ನ್ನು ಮೀರಿದರೆ ದಾಖಲೆಯೇ ಕೆಟ್ಟಿದೆ ಎಂದು ತಿಳಿಯಬೇಕು. ಸ್ಥಗಿತವೆಂದರೆ ಬ್ರೇಕ್‌ಡೌನ್ ಎಂದೇ ತಿಳಿದವರಿಗೆ ಈ ಪಟ್ಟಿ ಕಣ್ಣು ತೆರೆಸಬಲ್ಲದು. ಇದರಲ್ಲಿ ಫಿಟ್ಟರ್‌ನ ಹೊಣೆ ಒಂದೇ. ಉಳಿದವು ಖರೀದಿ, ಉಗ್ರಾಣ, ಯೋಜನೆ ಮತ್ತು ಮಾಲೀಕನ ಹೊಣೆ.

ತಂತ್ರಾಂಶ ಏನು ಮಾಡಬಲ್ಲದು

ಇಷ್ಟನ್ನೂ ಕಾಗದದಲ್ಲಿ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಒಂದೇ ಶೆಡ್, ಒಂದೇ ಶಿಫ್ಟ್, ನಾಲ್ಕೈದು ಯಂತ್ರ, ಮಾಲೀಕನೇ ಎದುರಿಗೆ ನಿಂತಿರುವ ಘಟಕಕ್ಕೆ ಗೋಡೆಯ ಮೇಲಿನ ಹಲಗೆ ಮತ್ತು ಒಂದು ರಿಜಿಸ್ಟರ್ ಸಾಕು. ಎರಡನೆಯ ಶಿಫ್ಟ್ ಆರಂಭವಾದಾಗ, ಎರಡನೆಯ ಶೆಡ್ ಬಂದಾಗ, ಮಾಲೀಕನು ಮಾರುಕಟ್ಟೆಗಾಗಿ ಊರೂರು ತಿರುಗಬೇಕಾದಾಗ ಕಾಗದ ಸೋಲುತ್ತದೆ. ರಾತ್ರಿ ಪಾಳಿಯಲ್ಲಿ ನಡೆದದ್ದು ಬೆಳಿಗ್ಗೆಗೆ ಬಾಯಿಮಾತಾಗಿ ಉಳಿಯುತ್ತದೆ. ತಿಂಗಳ ಕೊನೆಗೆ ರಿಜಿಸ್ಟರ್ ಕೂಡಿಸಿ ನೋಡುವವರಿರುವುದಿಲ್ಲ.

ತಂತ್ರಾಂಶದ ನಿಜವಾದ ಬಲ ಅದರ ಬಣ್ಣದ ನಕ್ಷೆಗಳಲ್ಲಿಲ್ಲ. ಒಮ್ಮೆ ತೆರೆದ ದೂರು, ಹೆಸರಿಸಲ್ಪಟ್ಟ ಒಬ್ಬ ವ್ಯಕ್ತಿ ಕಾರಣವನ್ನು ನಮೂದಿಸಿ ಮುಚ್ಚುವವರೆಗೂ ತೆರೆದೇ ಇರುತ್ತದೆ, ಅದರಲ್ಲಿದೆ. ಆಪರೇಟರ್ ಮೊಬೈಲಿನಲ್ಲಿ ಗುಂಡಿ ಒತ್ತಿದ ಕ್ಷಣ ಸಮಯ ತಾನಾಗಿ ದಾಖಲಾಗುತ್ತದೆ, ಫಿಟ್ಟರ್‌ಗೆ ಸಂದೇಶ ಹೋಗುತ್ತದೆ, ನಿಗದಿತ ಅವಧಿಯಲ್ಲಿ ಆತ ಸ್ಪಂದಿಸದಿದ್ದರೆ ಸೂಪರ್‌ವೈಸರ್‌ಗೆ, ಆಮೇಲೆ ಮಾಲೀಕನಿಗೆ ಹೋಗುತ್ತದೆ. ಅದೇ ಯಂತ್ರದ ಅದೇ ಭಾಗ ತಿಂಗಳಲ್ಲಿ ಮೂರನೆಯ ಸಲ ಕೆಟ್ಟರೆ ಅದು ಒಂದೇ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಯಾವ ಬೆಲ್ಟ್, ಯಾವ ಸೀಲ್ ಪದೇ ಪದೇ ಬೇಕಾಗುತ್ತದೆಂದು ತಿಳಿದು ಉಗ್ರಾಣದಲ್ಲಿ ಮುಂಚಿತವಾಗಿ ಇರಿಸಿಕೊಳ್ಳಬಹುದು. ಎಣ್ಣೆ ಬದಲಿಸುವ, ಫಿಲ್ಟರ್ ತೊಳೆಯುವ ದಿನಗಳನ್ನು ಅದೇ ನೆನಪಿಸುತ್ತದೆ.

ಯಂತ್ರ ನಿಂತುದನ್ನು ಮುಚ್ಚಿಡದೆ ಎಲ್ಲರಿಗೂ ಕಾಣಿಸಬೇಕೆಂಬ ಈ ತತ್ತ್ವ ಗಣಕಯಂತ್ರಕ್ಕಿಂತ ಹಳೆಯದು. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ದೋಷದ ಬಟ್ಟೆ ನೇಯುವುದಕ್ಕಿಂತ ನಿಂತು ಕಾರಣ ಹುಡುಕುವುದು ಲಾಭಕರ ಎಂಬ ಆ ವಿಚಾರವೇ ಮುಂದೆ ಟೊಯೋಟಾ ಕಾರು ಕಾರ್ಖಾನೆಗಳ ಅಡಿಪಾಯವಾಯಿತು. ಅಲ್ಲಿ ತೊಂದರೆ ಕಂಡ ಕಾರ್ಮಿಕನು ಹಗ್ಗ ಎಳೆದರೆ ದೀಪ ಹೊತ್ತುತ್ತದೆ, ಮೇಲ್ವಿಚಾರಕ ಧಾವಿಸುತ್ತಾನೆ. ಪರಿಹಾರ ಸಿಗದಿದ್ದರೆ ಸಾಲೇ ನಿಲ್ಲುತ್ತದೆ. 1999ರ ಕೊನೆಯಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದ ಆ ಸಂಸ್ಥೆಯ ಘಟಕದ ಮೂಲಕ ಈ ಪದ್ಧತಿ ನಮ್ಮ ನಾಡಿನ ಬಿಡಿಭಾಗ ತಯಾರಕರಿಗೂ ಪರಿಚಿತವಾಗಿದೆ.

ಜಪಾನಿನವರೇ ಆದ ಸೆಯಿಚಿ ನಕಾಜಿಮಾ ಅವರು ಯಂತ್ರವು ಲಭ್ಯವಿದ್ದ ಸಮಯ, ಓಡಿದ ವೇಗ, ಮಾಲಿನ ಗುಣಮಟ್ಟ ಈ ಮೂರನ್ನೂ ಗುಣಿಸಿ ಯಂತ್ರದ ಒಟ್ಟು ಪರಿಣಾಮವನ್ನು ಅಳೆಯುವ ವಿಧಾನವನ್ನು ಪ್ರಚಾರಕ್ಕೆ ತಂದರು. ಕ್ರಮವಾಗಿ ಶೇ. 90, 95 ಮತ್ತು 99 ಇದ್ದರೆ ಒಟ್ಟು ಸುಮಾರು ಶೇ. 85. ತಂತ್ರಾಂಶ ಮಾರುವವರು ಈ 85ನ್ನು ಮಂತ್ರದಂತೆ ಜಪಿಸುತ್ತಾರೆ. ದಿನಕ್ಕೆ ನಾಲ್ಕು ಬಾರಿ ಸೆಟ್ಟಿಂಗ್ ಬದಲಿಸಬೇಕಾದ ಜಾಬ್‌ವರ್ಕ್ ಘಟಕವು ವರ್ಷವಿಡೀ ಒಂದೇ ಮಾಲು ತಯಾರಿಸುವ ಕಾರ್ಖಾನೆಯ ಅಂಕಿಯನ್ನು ಬೆನ್ನಟ್ಟುವುದು ವ್ಯರ್ಥ. ಕಳೆದ ತಿಂಗಳಿಗಿಂತ ಈ ತಿಂಗಳು ಮೇಲೇ ಎಂಬುದೇ ಸಣ್ಣ ಘಟಕದ ಅಳತೆಗೋಲಾಗಲಿ.

ಸುಳ್ಳು ದಾಖಲೆಯ ಅಪಾಯ

ಎಷ್ಟೇ ಉತ್ತಮ ತಂತ್ರಾಂಶವಾದರೂ ಅದಕ್ಕೆ ಉಣಿಸಿದ್ದನ್ನೇ ಅದು ಹೊರಹಾಕುತ್ತದೆ. ಯಂತ್ರ ನಿಂತಾಗಲೆಲ್ಲ ಆಪರೇಟರ್‌ಗೆ ಬೈಗುಳ ಬೀಳುವ ಘಟಕದಲ್ಲಿ ಎಲ್ಲ ಸ್ಥಗಿತಕ್ಕೂ ‘ಕರೆಂಟ್ ಇರಲಿಲ್ಲ’ ಎಂಬ ಒಂದೇ ಕಾರಣ ದಾಖಲಾಗುತ್ತದೆ. ಮೂರು ತಿಂಗಳ ನಂತರ ಮಾಲೀಕನು ಆ ದಾಖಲೆಯನ್ನು ನಂಬಿ ದೊಡ್ಡ ಜನರೇಟರ್ ಕೊಳ್ಳುತ್ತಾನೆ. ಸುಳ್ಳು ದಾಖಲೆಯು ದಾಖಲೆ ಇಲ್ಲದಿರುವುದಕ್ಕಿಂತ ದುಬಾರಿ.

ಆದುದರಿಂದ ಮೊದಲ ಮೂರು ತಿಂಗಳು ಈ ದಾಖಲೆಯ ಆಧಾರದ ಮೇಲೆ ಯಾರ ವೇತನವನ್ನೂ ಕಡಿತ ಮಾಡುವುದಿಲ್ಲವೆಂದು ಮಾಲೀಕನು ಬಹಿರಂಗವಾಗಿ ಹೇಳಬೇಕು, ಹೇಳಿದಂತೆ ನಡೆಯಬೇಕು. ತುಣುಕಿನ ದರದ ಮೇಲೆ ದುಡಿಯುವ ಕಾರ್ಮಿಕನು ಸ್ಥಗಿತದಿಂದ ತಾನೂ ಕೂಲಿ ಕಳೆದುಕೊಳ್ಳುತ್ತಾನೆ. ಆತನಿಗಿಂತ ನಿಷ್ಠ ಸಾಕ್ಷಿ ಬೇರೊಬ್ಬರಿಲ್ಲ. ಆತ ಬರೆದ ಮೇಲೆ ವಾರದೊಳಗೆ ಒಂದಾದರೂ ತೊಂದರೆ ಪರಿಹಾರವಾದುದನ್ನು ಕಂಡರೆ ಮುಂದೆ ತಾನಾಗಿ ಬರೆಯುತ್ತಾನೆ. ಏನೂ ಆಗದಿದ್ದರೆ ಬರೆಯುವುದನ್ನು ನಿಲ್ಲಿಸುತ್ತಾನೆ. ಆ ತಪ್ಪು ಆತನದಲ್ಲ.

ಲೆಕ್ಕಪತ್ರಗಳಲ್ಲಿ ಒಂದು ಪಾಠವಿದೆ. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ಥಗಿತದ ದಾಖಲೆಗೂ ಅದೇ ಶಿಸ್ತು ಬೇಕು. ತಿಂಗಳ ಕೊನೆಯ ಸಭೆಗೆ ಮುನ್ನ ಸೂಪರ್‌ವೈಸರ್ ಕುಳಿತು ಗಂಟೆಗಳನ್ನು ತಿದ್ದುವ ಅವಕಾಶವಿರುವ ತಂತ್ರಾಂಶಕ್ಕೆ ಹಣ ತೆರುವುದು ವ್ಯರ್ಥ.

ದಾಸ್ತಾನಿನ ಮೌಲ್ಯ ಮತ್ತು ತೆರಿಗೆ

ಸ್ಥಗಿತದ ದಾಖಲೆಗೆ ತೆರಿಗೆಯ ದೃಷ್ಟಿಯಿಂದಲೂ ಮಹತ್ವವಿದೆ. ಅಂತಿಮ ದಾಸ್ತಾನಿನ ಮೌಲ್ಯಮಾಪನ ಕುರಿತ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಉತ್ಪಾದನೆಯ ಸ್ಥಿರ ಮೇಲ್ವೆಚ್ಚವನ್ನು ಘಟಕದ ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಮಾಲಿಗೆ ಹಂಚಬೇಕು. ಯೋಜಿತ ನಿರ್ವಹಣೆಗಾಗಿ ನಿಲ್ಲುವ ಅವಧಿಯನ್ನು ಆ ಸಾಮರ್ಥ್ಯದಲ್ಲಿ ಕಳೆದೇ ಲೆಕ್ಕ ಹಾಕಲಾಗುತ್ತದೆ. ಉತ್ಪಾದನೆ ಕುಸಿದುದರಿಂದ ಅಥವಾ ಯಂತ್ರ ಸುಮ್ಮನಿದ್ದುದರಿಂದ ಉಳಿದ ಮೇಲ್ವೆಚ್ಚವನ್ನು ಮಾಲಿನ ಮೇಲೆ ಹೇರದೆ ಆ ವರ್ಷದ ವೆಚ್ಚವಾಗಿಯೇ ತೋರಿಸಬೇಕು.

ಗಂಟೆಗಳ ದಾಖಲೆ ಇಲ್ಲದ ಘಟಕದಲ್ಲಿ ಇದು ಸಾಧ್ಯವಾಗುವುದಿಲ್ಲ. ಒಟ್ಟು ವೆಚ್ಚವನ್ನು ತಯಾರಾದ ಮಾಲಿನಿಂದ ಭಾಗಿಸಿ ದಾಸ್ತಾನಿಗೆ ಬೆಲೆ ಕಟ್ಟಲಾಗುತ್ತದೆ. ಆಗ ಸ್ಥಗಿತದ ನಷ್ಟವೂ ದಾಸ್ತಾನಿನ ಮೌಲ್ಯದೊಳಗೆ ಸೇರಿ, ಅಢಾವೆ ಪತ್ರಿಕೆಯಲ್ಲಿ ಆಸ್ತಿಯಂತೆ ಕುಳಿತುಕೊಳ್ಳುತ್ತದೆ. ಲಾಭವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಆ ಇಲ್ಲದ ಲಾಭದ ಮೇಲೆ ಆ ವರ್ಷ ತೆರಿಗೆಯನ್ನೂ ತೆರಬೇಕಾಗುತ್ತದೆ. ನಿಂತ ಯಂತ್ರ ಹೀಗೆ ಎರಡು ಬಾರಿ ಜೇಬಿಗೆ ಕೈಹಾಕುತ್ತದೆ.

ತಂತ್ರಾಂಶವೇ ನಿಂತಾಗ

ಸ್ಥಗಿತವು ತಯಾರಕರ ಸಮಸ್ಯೆ ಮಾತ್ರವಲ್ಲ. ವಹಿವಾಟು ರೂ. 5 ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್ವಾಯ್ಸ್ ಕಡ್ಡಾಯವಾಗಿದೆ. ಗೋದಾಮಿನಲ್ಲಿ ಗಣಕಯಂತ್ರವೋ ಅಂತರ್ಜಾಲವೋ ಕೈಕೊಟ್ಟರೆ ಮಾಲು ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ವೇಬ್ರಿಡ್ಜ್, ಶೀತಲಗೃಹದ ಕಂಪ್ರೆಸರ್, ಬಿಲ್ಲಿಂಗ್ ಪ್ರಿಂಟರ್ ಇವೆಲ್ಲವೂ ವರ್ತಕನ ಯಂತ್ರಗಳೇ. ಅವುಗಳ ಸ್ಥಗಿತವನ್ನೂ ಇದೇ ಶಿಸ್ತಿನಿಂದ ಬರೆದಿಟ್ಟರೆ, ಲಾರಿಯವರಿಗೆ ತೆತ್ತ ಹಾಲ್ಟಿಂಗ್ ಹಣದ ಮೂಲ ತಿಳಿಯುತ್ತದೆ.

ತಂತ್ರಾಂಶದ ಮೇಲಿನ ಅತಿಯಾದ ಅವಲಂಬನೆಯೂ ಒಂದು ಅಪಾಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ತಬ್ಧವಾದವು. ಆ ದಿನ ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಲಾಯಿತು. ಕೈಯಲ್ಲಿ ಬರೆಯುವ ಪದ್ಧತಿಯನ್ನು ಸಿದ್ಧವಾಗಿಟ್ಟುಕೊಂಡವರ ಕೆಲಸ ನಿಧಾನವಾದರೂ ನಡೆಯಿತು. ಸ್ಥಗಿತವನ್ನು ದಾಖಲಿಸುವ ತಂತ್ರಾಂಶವೇ ಸ್ಥಗಿತಗೊಂಡರೆ ಬರೆಯಲು ಒಂದು ಮುದ್ರಿತ ರಿಜಿಸ್ಟರ್ ಪ್ರತಿ ಶೆಡ್‌ನಲ್ಲಿಯೂ ಇರಬೇಕು.

ಕೊಳ್ಳುವ ಮುನ್ನ ಮಾರುವವರನ್ನು ಕೆಲವು ಪ್ರಶ್ನೆ ಕೇಳಬೇಕು. ಆಪರೇಟರ್ ಕನ್ನಡದಲ್ಲಿ, ಎರಡು ಮೂರು ಒತ್ತುಗಳಲ್ಲಿ ದಾಖಲಿಸಬಹುದೇ? ಅಂತರ್ಜಾಲವಿಲ್ಲದಾಗ ಬರೆದದ್ದು ಉಳಿಯುತ್ತದೆಯೇ? ಚಂದಾ ನಿಲ್ಲಿಸಿದರೆ ಹಿಂದಿನ ದಾಖಲೆ ಘಟಕಕ್ಕೆ ಪೂರ್ತಿಯಾಗಿ ಸಿಗುತ್ತದೆಯೇ? ಮೂರು ತಿಂಗಳ ಪ್ರಯೋಗ ಒಂದೇ ಯಂತ್ರದ ಮೇಲೆ ಸಾಧ್ಯವೇ? ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಬೇರೆಯವರನ್ನು ನೋಡುವುದೇ ಲೇಸು.

ಸಾಲಕ್ಕೆ ಮುನ್ನ

ಬೆಂಗಳೂರಿನ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶಗಳು ಸಣ್ಣ ಅಂಗಡಿಗಳಲ್ಲೂ ಬೇರೂರಲು, 2005ರ ಮೌಲ್ಯವರ್ಧಿತ ತೆರಿಗೆ ಹಾಗೂ 2017ರ ಜಿ.ಎಸ್.ಟಿ. ಬಹುಮಟ್ಟಿಗೆ ಕಾರಣವಾದವು. ಸ್ಥಗಿತದ ಲೆಕ್ಕವನ್ನು ಇಡಿ ಎಂದು ಯಾವ ಕಾನೂನೂ ಒತ್ತಾಯಿಸುವುದಿಲ್ಲ, ಯಾವ ಅಧಿಕಾರಿಯೂ ನೋಟಿಸ್ ಕಳುಹಿಸುವುದಿಲ್ಲ. ಆದ್ದರಿಂದ ಇದನ್ನು ಮಾಲೀಕನೇ ತನ್ನ ಮೇಲೆ ತಾನು ವಿಧಿಸಿಕೊಳ್ಳಬೇಕು.

ಅದಕ್ಕೆ ಸರಳವಾದ ಒಂದು ನಿಯಮ ಸಾಕು: ಇರುವ ಯಂತ್ರದ ಮೂರು ತಿಂಗಳ ಸ್ಥಗಿತದ ದಾಖಲೆಯನ್ನು ಎದುರಿಗೆ ಇಟ್ಟುಕೊಳ್ಳದೆ ಹೊಸ ಯಂತ್ರದ ಅವಧಿ ಸಾಲದ ಅರ್ಜಿಗೆ ಸಹಿ ಹಾಕಬಾರದು. ಮೇಲಿನ ಉದಾಹರಣೆಯಲ್ಲಿ 60 ಗಂಟೆಯ ಸ್ಥಗಿತವನ್ನು ಅರ್ಧಕ್ಕೆ ಇಳಿಸಿದರೂ ತಿಂಗಳಿಗೆ 30 ಗಂಟೆ, ಅಂದರೆ ಎರಡು ದಿನದಷ್ಟು ಉತ್ಪಾದನೆ, ಒಂದು ರೂಪಾಯಿ ಸಾಲವಿಲ್ಲದೆ ದೊರೆಯುತ್ತದೆ. ಕೊರತೆ ಅಷ್ಟೇ ಇದ್ದರೆ ಯಂತ್ರ ಬೇಡ. ಕೊರತೆ ಅದಕ್ಕಿಂತ ದೊಡ್ಡದಾಗಿದ್ದರೆ ಸಾಲ ಪಡೆಯಲಿ. ಬ್ಯಾಂಕಿನ ಮುಂದೆ ಇಡಲು ಅದಕ್ಕಿಂತ ಬಲವಾದ ದಾಖಲೆ ಬೇರೊಂದಿಲ್ಲ.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಕೇಂದ್ರದ ಎಂ.ಎಸ್.ಎಂ.ಇ. ಸಚಿವಾಲಯವು 2023ರ ಮಾರ್ಚ್‌ನಲ್ಲಿ ಚಾಲನೆ ನೀಡಿದ ಲೀನ್ ಯೋಜನೆಯು ಅಪವ್ಯಯ ತಗ್ಗಿಸುವ ಇಂತಹ ಪದ್ಧತಿಗಳನ್ನು ಪ್ರಾಥಮಿಕ, ಮಧ್ಯಮ ಮತ್ತು ಉನ್ನತ ಎಂಬ ಮೂರು ಹಂತಗಳಲ್ಲಿ ಕಲಿಸಲೆಂದೇ ರೂಪುಗೊಂಡಿತು. ಕನ್ನಡದಲ್ಲಿ ಒಂದು ಮಾದರಿ ಸ್ಥಗಿತ ರಿಜಿಸ್ಟರ್ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು, ಒಂದೇ ಬಗೆಯ ಘಟಕಗಳ ಫಿಟ್ಟರ್‌ಗಳಿಗೂ ಆಪರೇಟರ್‌ಗಳಿಗೂ ಜಂಟಿ ತರಬೇತಿ ಏರ್ಪಡಿಸುವುದು, ತುರ್ತು ಬಿಡಿಭಾಗಗಳನ್ನು ಕೈಗಾರಿಕಾ ವಸಾಹತುವಿನಲ್ಲಿ ಸಾಮೂಹಿಕವಾಗಿ ದಾಸ್ತಾನು ಇಡುವುದು ಇವೆಲ್ಲ ಒಬ್ಬೊಬ್ಬರಿಗೆ ಭಾರವಾದರೂ ಒಗ್ಗೂಡಿದರೆ ಹಗುರ.

ತಂತ್ರಾಂಶವನ್ನು ಮುಂದಿನ ತಿಂಗಳು ಕೊಳ್ಳಬಹುದು, ಮುಂದಿನ ವರ್ಷವೂ ಕೊಳ್ಳಬಹುದು. ರಿಜಿಸ್ಟರಿನ ಮೊದಲ ಸಾಲನ್ನು ಮಾತ್ರ ನಾಳೆ ಬೆಳಗಿನ ಶಿಫ್ಟ್‌ನಲ್ಲಿಯೇ ಬರೆಯಬೇಕು. ಘಟಕದ ಎಲ್ಲ ಕೆಲಸ ಯಾವ ಯಂತ್ರದ ಮುಂದೆ ಕಾಯುತ್ತಿದೆಯೋ ಆ ಯಂತ್ರದಿಂದಲೇ ಆರಂಭವಾಗಲಿ.